ಹನ್ನೊಂದು ಮಂದಿ ಸೂಚಕರು

ಮಾರ್ಚ್ ೯, ಸೋಮವಾರ. ಟೈಲರ್ ಅಂಗಡಿಯ ಹಿಂದಿನ ಕೋಣೆ.

ಅಕ್ಕ,

ನಮ್ಮ ವಾರ್ಡಿನಿಂದ ನಗರಸಭೆಗೆ ಹೆಂಗಸೊಬ್ಬಳನ್ನು ನಿಲ್ಲಿಸಬೇಕೆಂದು ಮೂರು ತಿಂಗಳು ಮನೆಮನೆ ಅಲೆದಿದ್ದೆ. ಇಂದು ನಾಮಪತ್ರ ತುಂಬಲು ಹನ್ನೊಂದು ಮಂದಿ ಬಂದರು. ಹನ್ನೊಂದು ಮಂದಿಯೂ ಹೆಸರು ಸೂಚಿಸುವವರ ಜಾಗದಲ್ಲೇ ಸಹಿ ಹಾಕಿದರು. ಅಭ್ಯರ್ಥಿಯ ಜಾಗ ಖಾಲಿ.

“ಯಾರಾದ್ರೂ ನಿಲ್ಲಿ, ನಾವೆಲ್ಲ ಹಿಂದೆ ಇದ್ದೀವಲ್ಲ,” ಎಂದರು ನರ್ಸಮ್ಮ.

“ಎಲ್ರೂ ಹಿಂದೇನೇ ಇದ್ರೆ ಮುಂದೆ ಯಾರಮ್ಮಾ, ಈ ಹೊಲಿಗೆ ಮಷೀನಾ?” ಎಂದಳು ಟೈಲರ್.

ಬದುಕಿದ್ದಾಗ ನೀನೂ ಒಮ್ಮೆ ಚುನಾವಣೆಗೆ ನಿಲ್ಲಲು ಹೊರಟಿದ್ದೆ. ಸೂಚಕರೊಬ್ಬರು ಸಿಕ್ಕಿದ್ದರೆ ಸಾಕಿತ್ತು, ಸಹಿಗೆ ನೀನು ನನ್ನನ್ನು ಕೇಳಿದೆ. ನಾನು ಕನ್ನಡಕ ಸಿಗುತ್ತಿಲ್ಲವೆಂದೆ. ಅದು ನನ್ನ ಮೂಗಿನ ಮೇಲೇ ಇತ್ತು. ನೀನು ನಕ್ಕು ಕಾಗದ ಮಡಚಿಟ್ಟೆ.

ಗಡುವು ನಾಳೆ ಮೂರು ಗಂಟೆಗೆ. ಹನ್ನೊಂದು ಸಹಿ ಬಿದ್ದ ಹಾಳೆ ಕೆಟ್ಟಿತೆಂದು ಹೊಸ ನಾಮಪತ್ರ ತಂದಿದ್ದೇನೆ. ಬೆಳಿಗ್ಗೆ ಅಭ್ಯರ್ಥಿಯ ಜಾಗದಲ್ಲಿ ನನ್ನ ಹೆಸರು ಬರೆಯುತ್ತೇನೆ. ಇನ್ನೂ ಯಾರಿಗೂ ಹೇಳಿಲ್ಲ.