ನನ್ನ ತಮ್ಮನ ಹಾಳೆಯನ್ನು ಕಂಬದಿಂದ ಕೀಳುವ ಕುರಿತು

ಪರ್ವತ ಸುರಕ್ಷತಾ ಕಚೇರಿಯ ನಿರ್ದೇಶಕರೇ, ಸೋಮವಾರದಿಂದ ಶುಕ್ರವಾರದವರೆಗೆ ಮಾನ್ಯರಾದವರೇ,

ನಿಮ್ಮ ನೋಟಿಸು ಕೈಸೇರಿದೆ. ಪಿರಿನ್ ಬೆಟ್ಟದ ನಮ್ಮ ತಂಗುಮನೆಯಿಂದ ಮೇಲಿನ ಕೆರೆಗೆ ದಾರಿ ಕವಲೊಡೆಯುವಲ್ಲಿ ಒಂದು ಕಂಬವಿದೆ. ಅದರ ಮೇಲೆ ನಾನು ಅಂಟಿಸಿರುವ ನನ್ನ ತಮ್ಮ ಲ್ಯುಬೆನ್‌ನ ಶ್ರದ್ಧಾಂಜಲಿ ಹಾಳೆ "ಅನುಮೋದಿತ ಸೂಚನೆಯಲ್ಲ" ಎಂದೂ "ಪ್ರವಾಸಿಗರಲ್ಲಿ ಅನಗತ್ಯ ಭೀತಿ ಹುಟ್ಟಿಸುತ್ತಿದೆ" ಎಂದೂ ಬರೆದಿದ್ದೀರಿ. ಹದಿನೈದು ದಿನದೊಳಗೆ ತೆಗೆಯದಿದ್ದರೆ ತಂಗುಮನೆಯ ಪರವಾನಗಿ ರದ್ದಾಗುತ್ತದಂತೆ. ನಾನು ತೆಗೆಯುವುದಿಲ್ಲ. ಜಗಳವಾಡುವ ಹುರುಪು ಈಗ ನನ್ನಲ್ಲಿಲ್ಲ, ಆದ್ದರಿಂದ ಕಾರಣವನ್ನು ಎಲ್ಲರೂ ಓದುವಂತೆ ಇಲ್ಲೇ ಬರೆಯುತ್ತೇನೆ. ನಿಮ್ಮ ಕಚೇರಿಗೆ ಕಳಿಸಿದ ನನ್ನ ಏಳು ಪತ್ರಗಳನ್ನು ಯಾರೂ ಓದಲಿಲ್ಲ.

ಸತ್ತವರ ಫೋಟೊ ಅಚ್ಚು ಹಾಕಿಸಿ ಮನೆಬಾಗಿಲಿಗೆ, ಬಸ್‌ಸ್ಟಾಪಿಗೆ, ಅವರು ದಿನಾ ಓಡಾಡಿದ ಜಾಗಕ್ಕೆ ನಾವೆಲ್ಲ ಅಂಟಿಸುತ್ತೇವೆ. ನಲವತ್ತನೇ ದಿನಕ್ಕೊಂದು, ಆರು ತಿಂಗಳಿಗೊಂದು, ವರ್ಷಕ್ಕೊಂದು. ನಿಮ್ಮ ಕಚೇರಿಯ ಗೇಟಿನಲ್ಲೂ ನಿವೃತ್ತ ಗುಮಾಸ್ತರೊಬ್ಬರ ಹಾಳೆಯಿದೆ, ನೋಡಿದ್ದೇನೆ. ಅವರನ್ನು ಕಂಡು ಯಾವ ಪ್ರವಾಸಿ ಬೆದರಿದ? ಲ್ಯುಬೆನ್ ಇಪ್ಪತ್ತು ವರ್ಷ ಆ ಕವಲಿನಲ್ಲಿ ನಿಂತು ಜನರನ್ನು ಮೇಲೆ ಕರೆದೊಯ್ದ ಗೈಡು. ಅವನ ಹಾಳೆ ಅಲ್ಲಲ್ಲದೆ ಇನ್ನೆಲ್ಲಿರಬೇಕು?

ಹೋದ ವರ್ಷದ ಸಂಗತಿ ನಿಮ್ಮ ಕಡತದಲ್ಲಿ ಎರಡು ಸಾಲಿನಲ್ಲಿದೆ. ನನ್ನ ಹತ್ತಿರ ಸ್ವಲ್ಪ ಹೆಚ್ಚಿದೆ. ಫೆಬ್ರವರಿಯ ಕೊನೆಯ ಶುಕ್ರವಾರ ಬೆಳಿಗ್ಗೆ ನಿಮ್ಮ ಬುಲೆಟಿನ್ ಬಂತು: ಹಿಮಕುಸಿತದ ಅಪಾಯ, ಐದರಲ್ಲಿ ಎರಡು. ಬಾಗಿಲ ಪಕ್ಕದ ಬೋರ್ಡಿಗೆ ಹಾಕಿದೆ. ಅಂದು ಸಂಜೆಯೇ ದಕ್ಷಿಣದ ಗಾಳಿ ಎದ್ದಿತು. ಎರಡು ದಿನ ಬೀಸಿ, ಬೆಟ್ಟದ ಆಚೆ ಮಗ್ಗುಲಿನ ಹಿಮವನ್ನೆಲ್ಲ ಕೆರೆಯ ಮೇಲಿನ ಇಳಿಜಾರಿಗೆ ತಂದು ಸುರಿಯಿತು. ಅಂಥ ಹಿಮ ಹಪ್ಪಳದಂತೆ ಗಟ್ಟಿಯಾಗಿ ಮೇಲೆ ಕೂತಿರುತ್ತದೆ, ಅದರಡಿಯ ಹಳೆಯ ಹಿಮ ಸಕ್ಕರೆಯಂತೆ ಸಡಿಲವಾಗಿರುತ್ತದೆ. ಒಬ್ಬ ಮನುಷ್ಯನ ತೂಕ ಸಾಕು, ಇಡೀ ಇಳಿಜಾರು ಜಾರಲು. ಇದನ್ನು ನಮ್ಮೂರಿನ ಕುರಿಗಾಹಿಗಳೂ ಬಲ್ಲರು. ಶನಿವಾರ ನಿಮಗೆ ಫೋನು ಮಾಡಿದೆ. ಕಾವಲಿಗೆ ಕೂತವನು ಎತ್ತಿಕೊಂಡ.

"ಮೇಡಂ, ಮಂಗಳವಾರದ ತನಕ ರಜೆ. ಸೋಮವಾರ ಮಾರ್ಚ್ ಮೂರು, ರಾಷ್ಟ್ರೀಯ ಹಬ್ಬ ಅಲ್ವಾ?"

"ಗಾಳಿಗೆ ಯಾರಪ್ಪಾ ರಜೆ ಕೊಟ್ರು? ಇಲ್ಲಿ ಪರಿಸ್ಥಿತಿ ನಾಲ್ಕಕ್ಕೆ ಬಂದು ನಿಂತಿದೆ."

"ಅದನ್ನ ನೋಡಿ ಹೇಳೋರು ಯಾರಿದಾರೆ ಮೇಡಂ ಇವತ್ತು?"

"ನಾನಿದೀನಲ್ಲ, ಕಿಟಕೀಲೇ ಕಾಣ್ತಿದೆ."

"ನೀವು ಅಧಿಕೃತ ಅಲ್ವಲ್ಲ," ಎಂದ. ಪಾಪ, ಒಳ್ಳೆಯ ಹುಡುಗನೇ. ಹಬ್ಬದ ಶುಭಾಶಯವನ್ನೂ ಹೇಳಿದ.

ನಿಮ್ಮ ನಿಯಮಾವಳಿಯಲ್ಲಿ ಒಂದು ಸಾಲಿದೆ: ಹೊಸ ಬುಲೆಟಿನ್ ಬರುವವರೆಗೆ ಹಳೆಯದನ್ನು ತೆಗೆಯಬಾರದು, ತಿದ್ದಬಾರದು. ನಾನು ತೆಗೆಯಲಿಲ್ಲ, ತಿದ್ದಲೂ ಇಲ್ಲ. ಹಿಂದೊಮ್ಮೆ ಪೆನ್ಸಿಲಿನಲ್ಲಿ ಏನೋ ಗೀಚಿದ್ದಕ್ಕೆ ನಿಮ್ಮಿಂದ ಎಚ್ಚರಿಕೆ ಪತ್ರ ಬಂದಿತ್ತು. ಆ ಭಯಕ್ಕೆ ಸುಮ್ಮನಾದೆ. ಕೂಡಿ ಬಂದ ಮೂರು ರಜಾದಿನಗಳಲ್ಲಿ ತಂಗುಮನೆ ತುಂಬಿ ತುಳುಕುತ್ತಿತ್ತು, ಗೋಡೆಯ ಮೇಲೆ ಶುಕ್ರವಾರದ ಎರಡು ಹಾಗೇ ಕೂತಿತ್ತು. ಬರುವವರಿಗೆಲ್ಲ ಬಾಯಲ್ಲಿ ಹೇಳಿದೆ. ಸೋಮವಾರ ಬೆಳಿಗ್ಗೆ ಸೋಫಿಯಾದಿಂದ ಬಂದಿದ್ದ ಯಾವೊರ್ ಎಂಬವನೂ ಅವನ ಗೆಳೆಯನೂ ಹಗ್ಗ, ಹಿಮಗೊಡಲಿ ಹಿಡಿದು ಹೊರಟು ನಿಂತರು.

"ಕೆರೆ ಕಡೆ ಬೇಡ ಕಣ್ರಪ್ಪಾ, ಗಾಳಿ ಹಿಮ ತುಂಬಿದೆ," ಎಂದೆ.

"ಅಕ್ಕಾ, ಎರಡು ಅಂತ ಹಾಕಿದಾರಲ್ಲ?"

"ಅದು ಶುಕ್ರವಾರದ್ದು."

"ಬದಲಾಗಿದ್ರೆ ಹೊಸದು ಹಾಕ್ತಿರ್ಲಿಲ್ವಾ? ನೀವು ಸುಮ್ಸುಮ್ನೆ ಹೆದರಿಸ್ಬೇಡಿ."

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ನಿಮ್ಮಲ್ಲಿದೆಯೇ? ಸರ್ಕಾರವೊಂದು ಬುದ್ಧಿ ನೆಟ್ಟಗಿಟ್ಟುಕೊಂಡು ಕೆಲಸ ಮಾಡುತ್ತದೆ ಎಂದು ಆ ಹುಡುಗ ನಂಬಿದ್ದ. ಅಷ್ಟೇ ಅವನ ತಪ್ಪು.

ಹನ್ನೊಂದು ಗಂಟೆಗೆ ಗೆಳೆಯನ ಫೋನು ಬಂತು. ಹಿಮ ಜಾರಿ ಯಾವೊರ್ ಸೊಂಟದವರೆಗೆ ಹೂತಿದ್ದ, ಕಾಲು ಮುರಿದಿತ್ತು. ಲ್ಯುಬೆನ್ ಹುರುಳಿಕಾಯಿ ಬೀಜದ ಸಾರು ಮುಂದಿಟ್ಟುಕೊಂಡು ಕೂತಿದ್ದವನು ಎದ್ದ.

"ರಕ್ಷಣಾ ತಂಡ ಬರ್ಲಿ ಕಣೋ. ಆ ಇಳಿಜಾರಲ್ಲಿ ಅರ್ಧ ಹಿಮ ಇನ್ನೂ ಮೇಲೇ ಕೂತಿದೆ," ಎಂದು ತೋಳು ಹಿಡಿದೆ.

"ಅವ್ರು ಬರೋಕೆ ಎರಡು ಗಂಟೆ ಬೇಕು. ಅಷ್ಟ್ರಲ್ಲಿ ಅವನು ಮರಗಟ್ಟಿರ್ತಾನೆ. ಬಿಡೇ ಅಕ್ಕಾ, ನಾನೇನು ಕುಣಿಯೋಕೆ ಹೋಗ್ತಿದೀನಾ?"

ಯಾವೊರ್‌ನನ್ನು ಅಗೆದು ತೆಗೆದು, ಬಂಡೆಯ ಮರೆಗೆ ಎಳೆದು ಹಾಕಿದ. ಮುರಿದ ಕಾಲಿಗೆ ಕಟ್ಟಲು ಆ ಹುಡುಗನ ನಡೆಗೋಲುಗಳನ್ನು ತರಲು ತಿರುಗಿ ಹೋದಾಗ ಉಳಿದರ್ಧ ಬಂತು. ನಲವತ್ತು ನಿಮಿಷದ ಮೇಲೆ ಸಿಕ್ಕ. ಮಾರ್ಚ್ ಒಂದಕ್ಕೆ ವಾಡಿಕೆಯಂತೆ ನಾನು ಅವನ ಮುಂಗೈಗೆ ಕಟ್ಟಿದ್ದ ಕೆಂಪು-ಬಿಳಿ ದಾರ, ವರ್ಷವೆಲ್ಲ ಆರೋಗ್ಯವಾಗಿರು ಎಂದು ಕಟ್ಟಿದ್ದು, ಕೈಗವಸಿನೊಳಗೆ ಒದ್ದೆಯೂ ಆಗಿರಲಿಲ್ಲ. ಒಂದು ವರ್ಷದಿಂದ ಒಂದೇ ಮಾತು ನನ್ನನ್ನು ತಿನ್ನುತ್ತಿದೆ: ಆ ಎರಡನ್ನು ನಾನು ಹರಿದು ಒಲೆಗೆ ಹಾಕಿದ್ದರೆ ನನ್ನ ತಮ್ಮ ಸಾರು ಮುಗಿಸುತ್ತಿದ್ದ.

ಮಂಗಳವಾರ ನಿಮ್ಮ ಬುಲೆಟಿನ್ ಬಂತು. ನಾಲ್ಕು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ. ನಿಮ್ಮ ಸಂತಾಪ ಪತ್ರ ಇನ್ನೂ ಬಂದಿಲ್ಲ. ಅದು ಅನುಮೋದನೆಗೆ ಹೋಗಿರಬೇಕು.

ಈಗ ಆ ಹಾಳೆ ಹುಟ್ಟಿಸುವ ಭೀತಿಯ ವಿಚಾರ. ಈ ಜನವರಿಯಲ್ಲಿ ಪ್ಲೊವ್ದಿವ್ ನಗರದ ನಾಲ್ವರು ಕವಲಿನವರೆಗೆ ಹೋಗಿ ಅರ್ಧ ಗಂಟೆಯಲ್ಲೇ ವಾಪಸು ಬಂದರು. ಮುಂದಾಳು ಮೊಮ್ಚಿಲ್, ಗಡ್ಡದವನು, ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದು ಕೇಳಿದ:

"ಕಂಬದ ಮೇಲಿರೋರು... ಎಲ್ಲಿ ಹೋಗಿದ್ದು?"

"ನೀವು ಹೊರಟಿದ್ರಲ್ಲ, ಅಲ್ಲೇ. ಬೋರ್ಡಲ್ಲಿ ಅಂಕಿ ನೋಡ್ಲಿಲ್ವಾ?"

"ನೋಡಿದ್ವಿ, ಮೂರು. ಆರಕ್ಕೆ ಮೂರು ಅಂಕ ತಗೊಂಡೇ ಇಡೀ ಸ್ಕೂಲು ಪಾಸಾದೋನು ನಾನು. ಅದಕ್ಕೆಲ್ಲಾ ಯಾರು ಹೆದರ್ತಾರೆ?" ಎಂದ. ಆಮೇಲೆ, "ಫೋಟೊದಲ್ಲಿ ಅವ್ರು ನಗ್ತಾ ಇದ್ರು. ಅದ್ಕೆ ಹೋಗೋಕೆ ಮನಸ್ಸಾಗ್ಲಿಲ್ಲ," ಎಂದ.

ಇಸ್ಪೀಟಾಡಿದರು, ಊಟ ಸರಿಯಿಲ್ಲವೆಂದು ಗೊಣಗಿದರು, ಊರಿಗೆ ಹೋದರು. ಅಂದು ಇಳಿಜಾರು ಕುಸಿಯಲೂ ಇಲ್ಲ, ಸುಳ್ಳೇಕೆ ಹೇಳಲಿ. ನಾಲ್ಕು ಜನ ಸುಖವಾಗಿ ಮನೆ ಸೇರಿದರು ಎಂದು ಬರೆದುಕೊಳ್ಳಲು ನಿಮ್ಮ ನಮೂನೆಯಲ್ಲಿ ಜಾಗವಿಲ್ಲ. ಆದ್ದರಿಂದ ನಿಮ್ಮ ಲೆಕ್ಕಕ್ಕೆ ಅಂದು ಏನೂ ನಡೆಯಲಿಲ್ಲ, ಒಬ್ಬರು ಹೆದರಿದರು ಅಷ್ಟೇ. ಚಳಿಗಾಲದ ಬೆಟ್ಟದಲ್ಲಿ ಹೆದರಬೇಕಾದವರು ಹೆದರಿದರೆ ಅದನ್ನು ಅನಗತ್ಯ ಎನ್ನುವ ಕಚೇರಿಗೆ ಸುರಕ್ಷತೆ ಎಂಬ ಹೆಸರೇಕೆ, ನಿರ್ದೇಶಕರೇ?

ಈ ವರ್ಷ ಮಾರ್ಚ್ ಮೂರು ಮಂಗಳವಾರ ಬಿದ್ದಿದೆ. ನಡುವಿನ ಸೋಮವಾರವನ್ನೂ ಸೇರಿಸಿಕೊಂಡು ನೀವು ನಾಲ್ಕು ದಿನ ಬಾಗಿಲು ಹಾಕುತ್ತೀರೆಂದು ಕೇಳಿದೆ. ನಮ್ಮಲ್ಲಿ ಹಾಸಿಗೆಗಳೆಲ್ಲ ಈಗಲೇ ಮುಂಗಡವಾಗಿ ಬುಕ್ ಆಗಿವೆ. ನನ್ನ ಬೇಡಿಕೆ ಇಷ್ಟೇ: ಆ ನಾಲ್ಕು ದಿನವೂ, ಇನ್ನು ಮುಂದಿನ ಪ್ರತಿ ರಜಾದಿನವೂ ಬುಲೆಟಿನ್ ಬರಬೇಕು; ಬಾರದಿದ್ದರೆ ಹಳೆಯದನ್ನು ಕಿತ್ತುಹಾಕುವ ಅಧಿಕಾರ ತಂಗುಮನೆಯವರಿಗಿರಬೇಕು. ಅದು ಬರಹದಲ್ಲಿ ಬಂದ ದಿನ ಲ್ಯುಬೆನ್‌ನ ಹಾಳೆಯನ್ನು ನಾನೇ ಮನೆಗೆ ತರುತ್ತೇನೆ.

ಅಷ್ಟರವರೆಗೆ ಅದನ್ನು ಕೀಳಲೇಬೇಕೆಂದಿದ್ದರೆ ನೀವೇ ಬನ್ನಿ. ಹಿಟ್ಟಿನ ಅಂಟು, ಬಿಸಿನೀರಿಗೆ ಬಿಡುತ್ತದೆ. ನೀರು ನಾನು ಕಾಯಿಸಿಕೊಡುತ್ತೇನೆ. ನಿಮಗೆ ಬಿಡುವಿರುವ ಶನಿವಾರವೇ ಬನ್ನಿ. ಊರಿನಿಂದ ನಮ್ಮಲ್ಲಿಗೆ ಬರುವ ದಾರಿ ಎರಡು ಕಡೆ ಇಳಿಜಾರಿನ ಕೆಳಗೇ ಹಾಯುತ್ತದೆ, ಹಾಗಾಗಿ ಹೊರಡುವ ಮುಂಚೆ ಅಂದಿನ ಅಂಕಿ ನೋಡಬೇಕು ಎಂದು ನಿಮಗೂ ಅನಿಸಬಹುದು. ಶನಿವಾರ ಅದು ಇರುವುದಿಲ್ಲ. ನನಗೊಂದು ಫೋನು ಮಾಡಿ. ಅಧಿಕೃತಳಲ್ಲದಿದ್ದರೂ ನಿಜ ಹೇಳುತ್ತೇನೆ. ಬರಬೇಡಿ ಎಂದರೆ ದಯವಿಟ್ಟು ಬರಬೇಡಿ. ನಿಮ್ಮನ್ನು ಅಗೆದು ತೆಗೆಯಲು ಕಳಿಸುವುದಕ್ಕೆ ನನಗೆ ಇನ್ನೊಬ್ಬ ತಮ್ಮನಿಲ್ಲ.

ಇಂತಿ,
ಹೋದ ವರ್ಷದವರೆಗೂ ತಮ್ಮ ವಿಧೇಯಳಾಗಿದ್ದ
ರಾಯ್ನಾ, ತಂಗುಮನೆಯವಳು