ಇಪ್ಪತ್ತೆಂಟರ ಮುಕ್ಕಾಲು

ಜಮಖಂಡಿ
೧೨ ಜುಲೈ ೨೦೨೪

ಕಾವ್ಯಳ ಅಪ್ಪನಿಗೆ ರಂಜನಾಳ ನಮಸ್ಕಾರ.

ರಾಯಚೂರಿನ ಸೆಕೆ ಇಳಿಯಿತೇ? ಆ ಖಾನಾವಳಿಯ ಊಟಕ್ಕೆ ಹೊಟ್ಟೆ ಹೊಂದಿಕೊಂಡಿತೇ? ಬಿ.ಪಿ. ಮಾತ್ರೆ ತಪ್ಪಿಸಬೇಡಿ. ನಾವಿಲ್ಲಿ ಆರಾಮ ಇದ್ದೇವೆ. ಫೋನು ಬಿಟ್ಟು ಕಾಗದವೇಕೆ ಎಂದು ಹುಬ್ಬೇರಿಸಬೇಡಿ. ಫೋನಿನಲ್ಲಿ ನೀವು ನನ್ನ ಮಾತು ಮುಗಿಯಲು ಎಲ್ಲಿ ಬಿಡುತ್ತೀರಿ? "ನಿನಗ ತ್ರಾಸ ಆಗ್ತದ, ನೀ ಸುಮ್ಮನಿರು" ಎಂಬ ಒಂದೇ ಹಾಡು. ತಿಂಗಳ ಕೊನೆಗೆ ಕಾರು ತಂದು ನಿಮ್ಮ ತಾಯಿಯನ್ನು ಬೆಳಗಾವಿಯ ಆರೈಕೆ ಮನೆಗೆ ಸೇರಿಸುತ್ತೇನೆ ಎಂದಿರಿ. ನನ್ನ ಮೇಲಿನ ಮಾಯೆ-ಮಮತೆಗೇ ಹಾಗೆಂದಿರಿ, ಗೊತ್ತು. ಆದರೂ ಇದನ್ನು ಪೂರ್ತಿ ಓದಿ.

ಅತ್ತೆಯವರಿಗೆ ನನ್ನ ಗುರುತು ಹತ್ತದೆ ವರ್ಷವಾಗುತ್ತ ಬಂತು. ಏನು ಕೇಳಿದರೂ ಗೋಡೆ ನೋಡುತ್ತಾರೆ. ಹೋದ ತಿಂಗಳು ಕಾವ್ಯಳ ಲಂಗ ಹೊಲಿಯಲು ಕುಳಿತವಳು, ಇಪ್ಪತ್ತೆಂಟು ಇಂಚಿನ ಮುಕ್ಕಾಲು ಎಷ್ಟೆಂದು ಗೊಣಗುತ್ತ ಮೊಬೈಲ್ ಹುಡುಕುತ್ತಿದ್ದೆ. ಮಂಚದಿಂದ ದನಿ ಬಂತು: "ಇಪ್ಪತ್ತೊಂದು. ಇಷ್ಟೂ ಬರಂಗಿಲ್ಲೇನ ನಿನಗ?" ಅಯ್ಯ ಶಿವನೇ, ಕೈಯಲ್ಲಿದ್ದ ಕತ್ತರಿ ಕೆಳಗೆ ಬಿತ್ತು ನೋಡಿ!

ಅಂದಿನಿಂದ ನನಗೆ ಶಾಲೆ ಶುರು. ಕಾಲು, ಅರ್ಧ, ಮುಕ್ಕಾಲಿನ ಮಗ್ಗಿಗಳನ್ನೆಲ್ಲ ಅವರ ತಂದೆ ಕಟ್ಟೆಯ ಮೇಲೆ ಕೂಡಿಸಿ ಬಾಯಿಪಾಠ ಮಾಡಿಸಿದ್ದರಂತೆ. ಮುಕ್ಕಾಲಿಗೆ ಒಂದು ಉಪಾಯವಿದೆ. ಅರ್ಧ ಮಾಡು, ಆ ಅರ್ಧವನ್ನು ಮತ್ತೆ ಅರ್ಧ ಮಾಡು, ಅದನ್ನು ಮೊದಲಿನ ಸಂಖ್ಯೆಯಿಂದ ಕಳೆ. ಇಪ್ಪತ್ತೆಂಟರ ಅರ್ಧ ಹದಿನಾಲ್ಕು, ಅದರರ್ಧ ಏಳು, ಕಳೆದರೆ ಇಪ್ಪತ್ತೊಂದು. ನಾನೋ, ಮೊದಲ ಅರ್ಧಕ್ಕೇ ನಿಂತು ಅದನ್ನೇ ಕಳೆದುಬಿಡುತ್ತಿದ್ದೆ. "ಅರ್ಧದ ಅರ್ಧ ಅಂದೆ ನಾ! ಕಿವಿ ಎಲ್ಲಿಟ್ಟೀದಿ?" ಎಂದು ಹಣೆ ಬಡಿದುಕೊಳ್ಳುತ್ತಿದ್ದರು. ಮದುವೆಯ ಹೊಸತರಲ್ಲಿ ಒಗ್ಗರಣೆ ಸೀದಾಗ ಬೈಯುತ್ತಿದ್ದ ಅದೇ ದನಿ. ಆಗ ಹಿತ್ತಲಿಗೆ ಹೋಗಿ ಅಳುತ್ತಿದ್ದೆ, ಈಗ ಕಣ್ಣು ತುಂಬುವುದು ಸಂತೋಷಕ್ಕೆ. ಬೈದು ದಣಿದ ಮೇಲೆ ತಾವಾಗಿಯೇ ನೀರು ಕೇಳುತ್ತಾರೆ, ಎರಡು ತುತ್ತು ಹೆಚ್ಚಿಗೆ ಉಣ್ಣುತ್ತಾರೆ.

ತ್ರಾಸ ಇಲ್ಲವೆಂದು ಸುಳ್ಳು ಹೇಳಲಾರೆ. ಸ್ನಾನ ಮಾಡಿಸುವಾಗ ಮೊನ್ನೆ ಕೈ ಚಿವುಟಿದರು, ಇನ್ನೂ ನೀಲಿಗಟ್ಟಿದೆ. ಸಿಟ್ಟು ಬರುತ್ತದೆ, ಇಳಿಯುತ್ತದೆ.

ಮೈ ಕಡೆ ಲಕ್ಷ್ಯವಿರಲಿ. ಕಾವ್ಯ ನಮಸ್ಕಾರ ಹೇಳಿದ್ದಾಳೆ, ಅದರ ಬೆನ್ನಿಗೇ ಬಣ್ಣದ ಪೆನ್ಸಿಲ್ಲನ್ನೂ ಹೇಳಿದ್ದಾಳೆ.

ನಿಮ್ಮವಳೇ,
ರಂಜನಾ

ತಾ.ಕ.: ಗಡಿಬಿಡಿಯಲ್ಲಿ ಮುಖ್ಯದ್ದೇ ಉಳಿಯಿತು. ಮುಕ್ಕಾಲು ಮಗ್ಗಿ ನನಗೆ ಪೂರಾ ಬಂದು ವಾರವಾಯಿತು. ಆದರೂ ಬೇಕಂತಲೇ ತಪ್ಪು ಹೇಳುತ್ತೇನೆ. ಸರಿ ಹೇಳಿದರೆ ಅವರು ಮತ್ತೆ ಗೋಡೆಯ ಕಡೆ ತಿರುಗಿಬಿಡುತ್ತಾರೆ. ನಿನ್ನೆ ನನ್ನ ಮುಖವನ್ನೇ ನೋಡಿ ಕೇಳಿದರು: "ಯಾರ ಮನಿ ಸೊಸಿ ನೀ? ನಿಮ್ಮತ್ತಿ ಏನೂ ಕಲಿಸಿಲ್ಲೇನ?" "ಕಲಿಸಾಕತ್ತಾರ್ರಿ" ಎಂದೆ. "ಹಂಗಾದ್ರ ಪೂರಾ ಕಲಿಯೂ ತನಕಾ ಅಕಿನ್ನ ಬಿಡಬ್ಯಾಡ" ಎಂದರು. ನನಗಿನ್ನೂ ಮಗ್ಗಿ ಬಂದಿಲ್ಲ. ನೀವು ಬನ್ನಿ, ಕಾರು ತರಬೇಡಿ.