ಗಂಧಕದ ತಿರುವಿನಲ್ಲಿ ನಿಂತ ಕಾರು

ಫುಕುಶಿಮಾ
ಅಕ್ಟೋಬರ್ ೧೯, ಭಾನುವಾರ

ಪ್ರೀತಿಯ ತಮ್ಮ ಹಿರೋಫುಮಿಗೆ,

ಬೆಟ್ಟದ ಎಲೆಗಳು ಕೆಂಪಾದವು, ನಿಮ್ಮ ಆರೋಗ್ಯ ಹೇಗಿದೆ ಎಂದು ಶುರುಮಾಡುವುದು ನಮ್ಮಲ್ಲಿ ವಾಡಿಕೆ. ಇವತ್ತು ನನಗೆ ಅಷ್ಟು ವ್ಯವಧಾನವಿಲ್ಲ. ಫೋನಿನಲ್ಲಿ ಹೇಳಹೊರಟರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನು ಕೂಗಾಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ.

ನಾವು ಮಾತಾಡಿಕೊಂಡಿದ್ದು ಇಷ್ಟು: ಶುಕ್ರವಾರ ಅಪ್ಪನನ್ನು ಬೆಟ್ಟದ ರಸ್ತೆಯಲ್ಲಿ ಒಂದು ಸುತ್ತು ಕರೆದೊಯ್ಯುವುದು, ಕಾರು ನಾನೇ ಓಡಿಸುವುದು, ಸಂಜೆ ನಾಲ್ಕರೊಳಗೆ ಪೊಲೀಸ್ ಠಾಣೆಗೆ ಹೋಗಿ ಅವರ ಲೈಸೆನ್ಸ್ ಒಪ್ಪಿಸಿಬಿಡುವುದು. ಎಂಬತ್ತೆರಡಾಯಿತು, ಇನ್ನು ಸಾಕು ಎಂದು ನಿನ್ನ ವಾದ. ಮೂವತ್ತು ವರ್ಷ ಅದೇ ಬೆಟ್ಟಕ್ಕೆ ಬಸ್ ಓಡಿಸಿದವರನ್ನು ಮನೆಯಲ್ಲಿ ಕೂರಿಸಿದರೆ ಬದುಕುತ್ತಾರೆಯೇ ಎಂದು ನನ್ನ ವಾದ. ನೀನು ಹೇಳಿದ್ದೇ ನಡೆಯಲಿ ಎಂದು ಕೊನೆಗೆ ಒಪ್ಪಿದ್ದೆ.

ಆದರೆ ಓಡಿಸಿದ್ದು ಅಪ್ಪ. ಅವರ ಹಟ ನಿನಗೆ ಗೊತ್ತೇ ಇದೆ.

ಬಸ್ ಓಡಿಸುತ್ತಿದ್ದ ಕಾಲದಂತೆ ಬಿಳಿ ಕೈಗವಸು ಹಾಕಿಕೊಂಡಿದ್ದರು. ಪ್ರತಿ ತಿರುವಿನಲ್ಲೂ ಬೆರಳು ಚಾಚಿ “ಬಲಗಡೆ ಸರಿ, ಎಡಗಡೆ ಸರಿ” ಎಂದು ಗಟ್ಟಿಯಾಗಿ ಹೇಳುತ್ತಾ ಹತ್ತಿಸಿದರು. ಒಂದು ಕಡೆಯೂ ಕೈ ನಡುಗಲಿಲ್ಲ. ನಿನಗೆ ಏನೇನು ಬರೆಯಬೇಕೆಂದು ನಾನು ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತಿದ್ದೆ.

ಮೊದಲು ನಿಲ್ಲಿಸಿದ್ದು ಜೌಗು ಬಯಲಿನ ಹತ್ತಿರ. ಹಲಗೆ ಹಾಸಿದ ದಾರಿಯಲ್ಲಿ ಅರ್ಧ ಗಂಟೆ ನಡೆದು, ಅನ್ನದ ಉಂಡೆ ತಿಂದು ವಾಪಸು ಬಂದೆವು. ಅಪ್ಪ ಕಾರು ಹತ್ತಲಿಲ್ಲ. ಬಾಗಿಲ ಪಕ್ಕ ನಿಂತು ಹಿಂದಿರುಗುತ್ತಿದ್ದ ಅಪರಿಚಿತರನ್ನೆಲ್ಲ ಎಣಿಸತೊಡಗಿದರು. “ಇನ್ನೂ ಇಬ್ಬರು ಬರಬೇಕು, ತಡಿಯಮ್ಮ” ಎಂದರು. ನಾನು ನಕ್ಕೆ. “ಬಸ್ ಅಂದ್ಕೊಂಡ್ರಾ ಅಪ್ಪ? ನಾವಿಬ್ಬರೇ ಬಂದಿರೋದು” ಎಂದೆ. ಅವರೂ ನಕ್ಕರು, ಸ್ವಲ್ಪ ತಡವಾಗಿ.

ಆ ನಗು ನನಗೆ ಸರಿ ಕಾಣಲಿಲ್ಲ. ಆಗಲೇ ಕೀಲಿ ಇಸಿದುಕೊಳ್ಳಬೇಕಿತ್ತು. ಇಸಿದುಕೊಳ್ಳಲಿಲ್ಲ.

ಎರಡನೆಯ ಸಲ ಕಾರು ನಿಲ್ಲಿಸಿ ಜ್ವಾಲಾಮುಖಿಯ ಬಾಯಿಯ ಅಂಚಿಗೆ ಹತ್ತಿದೆವು. ಮೆಟ್ಟಿಲುಗಳ ಮೇಲೆ ಏದುಸಿರು ಬಿಟ್ಟಿದ್ದು ನಾನು, ಅವರಲ್ಲ. ಮೇಲೆ ಮಂಜು ಕವಿಯಿತು, ಮೂರು ಹೆಜ್ಜೆ ಮುಂದಿದ್ದ ಅಪ್ಪನೂ ಕಾಣಲಿಲ್ಲ. ಕೂಗಿದರೆ ಉತ್ತರವಿಲ್ಲ. ಕಲ್ಲು ತಡವಿಕೊಂಡು ಹೋದೆ. ಅಂಚಿಗೆ ಕಟ್ಟಿದ್ದ ಹಗ್ಗ ಹಿಡಿದು ನಿಂತಿದ್ದರು. “ನೀನೇ ಕಳೆದುಹೋಗಿದ್ದು, ನಾನಲ್ಲ” ಎಂದು ಛೇಡಿಸಿದರು. ಅಷ್ಟಕ್ಕೇ ನನಗೆ ಮತ್ತೆ ಧೈರ್ಯ ಬಂತು ನೋಡು.

ಇಳಿಯುವಾಗ ಗಂಧಕದ ಹೊಗೆ ಏಳುವ ಆ ತಿರುವು ಬಂತು. ಕಿಟಕಿ ಮುಚ್ಚಿ, ವಾಹನ ನಿಲ್ಲಿಸಬೇಡಿ ಎಂದು ಹಳದಿ ಫಲಕ ಹಾಕಿದ್ದಾರೆ. ಅಪ್ಪ ಸರಿಯಾಗಿ ಅಲ್ಲೇ ನಿಲ್ಲಿಸಿದರು. ಎಂಜಿನ್ ಆರಿಸಿ, ತಮ್ಮ ಕಡೆಯ ಬಾಗಿಲು ತೆರೆದು, “ಬಿಸಿನೀರ ಬುಗ್ಗೆ ಸ್ಟಾಪ್! ಇಳಿಯೋರು ನಿಧಾನ ಇಳೀರಿ” ಎಂದು ಕೂಗಿದರು. ಆ ಬುಗ್ಗೆಯ ಛತ್ರ ಮುಚ್ಚಿ ಎಷ್ಟು ಕಾಲವಾಯಿತು!

ಹೊಗೆ ಒಳಗೆ ನುಗ್ಗಿತು. ಕಣ್ಣು ಉರಿ, ಗಂಟಲು ಕಟ್ಟಿತು. ಹಿಂದೆ ಹಾರ್ನ್ ಮೇಲೆ ಹಾರ್ನ್. “ಅಪ್ಪಾ, ಹೊರಡಿ!” ಎಂದು ಭುಜ ಹಿಡಿದು ಅಲುಗಾಡಿಸಿದೆ. “ಸ್ವಲ್ಪ ಸಮಾಧಾನ ಮಾಡ್ಕೊಳಿ ಮೇಡಂ, ವಯಸ್ಸಾದೋರು ಇಳೀತಿದಾರೆ” ಎಂದರು. ಮೇಡಂ! ಹಿರೋಫುಮಿ, ಅವರಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಕೀಲಿಗೆ ಕೈ ಹಾಕಿದರೆ ನನ್ನ ಮಣಿಕಟ್ಟು ಹಿಡಿದುಕೊಂಡರು. ಎಂಥ ಬಿಗಿ ಗೊತ್ತೇ!

ಆಗ ಅಮ್ಮ ನೆನಪಾದಳು. ಮದುವೆಗೆ ಮುಂಚೆ ಅವಳು ಅದೇ ಬಸ್ಸಿನ ಕಂಡಕ್ಟರ್ ಆಗಿದ್ದಳಲ್ಲ. ಕೆಮ್ಮುತ್ತಲೇ, ಅವಳ ಥರ ರಾಗ ಎಳೆದು ಕೂಗಿದೆ: “ಎಲ್ಲಾ ಇಳಿದ್ರು, ರೈಟ್ ರೈಟ್!”

ಅಪ್ಪ ತಕ್ಷಣ ಬಾಗಿಲು ಮುಚ್ಚಿದರು. ಬಲಗಡೆ ಸರಿ, ಎಡಗಡೆ ಸರಿ. ಕಾರು ಹೊರಟಿತು. ಒಂದು ಮೈಲಿ ಕೆಳಗೆ ಬಂದ ಮೇಲೆ “ತಾಮಿ, ಗಂಟಲು ಯಾಕೆ ಕೂತಿದೆ?” ಎಂದು ಅಮ್ಮನ ಹೆಸರು ಹಿಡಿದು ಕೇಳಿದರು. ಅಮ್ಮ ಹೋಗಿ ನಾಲ್ಕು ವರ್ಷವಾಯಿತು. ನಾನು ಬಾಯಿಗೆ ಕರವಸ್ತ್ರ ಒತ್ತಿಕೊಂಡು ಅತ್ತೆ. ಅಳು ಕೇಳಿಸಿಯೋ ಏನೋ, ರಸ್ತೆ ಬದಿಗೆ ನಿಲ್ಲಿಸಿ ನನ್ನನ್ನೇ ದಿಟ್ಟಿಸಿದರು. “ಸುಮಿಯೆ, ನಾನೇನಾದ್ರೂ ಮಾಡಿದ್ನಾ?” ಎಂದರು.

ಎಲ್ಲ ಹೇಳಿದೆ. ಇಳಿದು ಪಕ್ಕದ ಸೀಟಿಗೆ ಬಂದರು. ಮೂರೂ ಮುಕ್ಕಾಲಿಗೆ ಠಾಣೆಯಲ್ಲಿದ್ದೆವು. ಎರಡೂ ಕೈಯಲ್ಲಿ ಹಿಡಿದು, ತಲೆಬಾಗಿ ಲೈಸೆನ್ಸ್ ಒಪ್ಪಿಸಿದರು. “ಮೂವತ್ತು ವರ್ಷ ಬಸ್ ಓಡಿಸಿದೆ, ಒಬ್ಬರಿಗೂ ಗಾಯ ಆಗಿಲ್ಲ” ಎಂದು ಆ ಪೊಲೀಸ್ ಹುಡುಗಿಗೆ ಹೇಳಿದರು. ಅವಳು ಎದ್ದು ನಿಂತು ನಮಸ್ಕರಿಸಿದಳು.

ನೀನು ಹೇಳಿದ್ದೇ ಸರಿ. ಸಂತೋಷವಾಯಿತೇ? ಬರುವ ವಾರ ಬಂದು ಅಪ್ಪನ ಜೊತೆ ಎರಡು ದಿನ ಇರು. ಈ ವಿಷಯ ಮಾತ್ರ ಎತ್ತಬೇಡ.

ನಿನ್ನ ಅಕ್ಕ,
ಸುಮಿಯೆ

ಮರೆತ ಮಾತು: ಹಟ ಅಪ್ಪನದಲ್ಲ. ಶುಕ್ರವಾರ ಬೆಳಗ್ಗೆ ಅವರೇ ಕೀಲಿ ತಂದು ನನಗೆ ಕೊಟ್ಟಿದ್ದರು. ಹೋದ ತಿಂಗಳು ಸೇತುವೆ ಹತ್ತಿರ ಮನೆಯ ದಾರಿಯೇ ತಿಳಿಯದೆ ಒಂದು ಗಂಟೆ ನಿಂತಿದ್ದರಂತೆ, “ನನಗೆ ಭಯ ಆಗ್ತಿದೆ ಮಗಳೇ, ಬೇಡ” ಎಂದರು. “ಹಿರೋಫುಮಿ ಮುಂದೆ ನನ್ನನ್ನು ಸಣ್ಣವಳನ್ನಾಗಿ ಮಾಡಬೇಡಿ” ಎಂದು ನಾನೇ ರೇಗಿ ಅವರನ್ನು ಸ್ಟೇರಿಂಗ್ ಮುಂದೆ ಕೂರಿಸಿದೆ. ಠಾಣೆಯಲ್ಲಿ “ಇವತ್ತು ಯಾರು ಓಡಿಸಿದ್ದು?” ಎಂದು ಆ ಹುಡುಗಿ ಕೇಳಿದಾಗ ಅಪ್ಪ ನನ್ನ ಕಡೆ ತಿರುಗಿಯೂ ನೋಡದೆ “ನಾನೇ, ಮಗಳು ಬೇಡ ಬೇಡ ಅಂದಳು” ಎಂದರು.